ಗ್ಯಾಪ್ ಕಂಡಿತು, ನುಗ್ಗಿದೆ: ತಪ್ಪು ಯಾರದು?

ಪ್ರಶ್ನೆ: ನಾನು ಬೆಂಗಳೂರಿನವನು. ಈ ವರ್ಷ ಲೈಸೆನ್ಸ್ ಮಾಡಿಸಿ ಕೊಯಮತ್ತೂರಿನಲ್ಲಿ ಹೊಸಬರ ಸಲೂನ್ ಕಾರ್ (ರಸ್ತೆ ಕಾರಿನಂಥ ಮುಚ್ಚಿದ ಬಾಡಿಯ ಕಾರು) ರೇಸಿನಲ್ಲಿ ಓಡಿಸಿದೆ. ಒಂದು ಎಡ ತಿರುವಿನ ಮುಂಚೆ, ಮುಂದಿದ್ದವರ ಒಳಗಡೆ ಜಾಗ ಕಾಣಿಸಿತು, ನುಗ್ಗಿದೆ. ಅವರು ತಿರುಗಿಸಿಬಿಟ್ಟರು. ನನ್ನ ಬಲ ಮುಂಭಾಗ ಅವರ ಎಡ ಹಿಂಬಾಗಿಲಿಗೆ ತಾಗಿತು. ಅವರ ಕಾರು ಸುತ್ತಿಕೊಂಡು ಹೊರಗೆ ಹೋಯಿತು, ರೇಸ್ ಅಲ್ಲಿಗೇ ಮುಗಿಯಿತು. ನನಗೆ ಟೈಮ್ ಪೆನಾಲ್ಟಿ ಕೊಟ್ಟರು. ನನ್ನ ಕ್ಯಾಮೆರಾ ವಿಡಿಯೊದಲ್ಲಿ ಜಾಗ ಸ್ಪಷ್ಟವಾಗಿ ಕಾಣುತ್ತದೆ. ಪೆನಾಲ್ಟಿ ಸರೀನಾ? ಆಮೇಲೆ, ನಮ್ಮ ಜೊತೆ ಇನ್ನೊಂದು ವೇಗದ ಕ್ಲಾಸಿನ ಕಾರುಗಳನ್ನೂ ಓಡಿಸಿದ್ದರು. ಅವು ನನ್ನನ್ನು ಲ್ಯಾಪ್ ಮಾಡಲು, ಅಂದರೆ ಒಂದು ಸುತ್ತು ಪೂರ್ತಿ ಮುಂದಾಗಿ ದಾಟಲು ಬಂದಾಗ ನೀಲಿ ಬಾವುಟ ನೋಡಿ ಪಕ್ಕಕ್ಕೆ ಸರಿದೆ, ಅದಕ್ಕೂ ಬೈದರು. ಕೊನೆಯದಾಗಿ, ಆ ಚಾಲಕರ ಹತ್ತಿರ ಹೋಗಿ ಮಾತಾಡಿದರೆ ತಪ್ಪು ಒಪ್ಪಿಕೊಂಡ ಹಾಗೆ ಆಗುತ್ತದಾ?

ಉತ್ತರ: ಪೆನಾಲ್ಟಿ ಸರಿಯಾಗಿಯೇ ಇದೆ. ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಹೇಳಿದರೆ ನಿಮಗೆ ಉಪಯೋಗ ಇಲ್ಲ. ನೀವು ಬರೆದದ್ದರಲ್ಲೇ ಉತ್ತರ ಇದೆ. ತಾಗಿದ್ದು ಹಿಂಬಾಗಿಲಿಗೆ ಅಂದಿರಿ. ಅಂದರೆ ಅವರು ಸ್ಟೀರಿಂಗ್ ತಿರುಗಿಸುವ ಹೊತ್ತಿಗೆ ನಿಮ್ಮ ಕಾರಿನ ಮೂತಿ ಅವರ ಹಿಂದಿನ ಚಕ್ರದ ಆಸುಪಾಸಿನಲ್ಲಿತ್ತು. ನೀವು ಇನ್ನೂ ಅವರ ಹಿಂದೆಯೇ ಇದ್ದಿರಿ, ಪಕ್ಕಕ್ಕೆ ಬಂದಿರಲಿಲ್ಲ.

ವಿಡಿಯೊದಲ್ಲಿ ಜಾಗ ಕಾಣುತ್ತದೆ ಅನ್ನುತ್ತೀರಿ. ಕಾಣಲೇಬೇಕು. ಎಡಕ್ಕೆ ತಿರುಗಬೇಕಾದ ಕಾರು ಮೊದಲು ಟ್ರ್ಯಾಕಿನ ಬಲ ಅಂಚಿಗೆ ಹೋಗುತ್ತದೆ, ಅಲ್ಲೇ ಬ್ರೇಕ್ ಹಾಕುತ್ತದೆ, ಆಮೇಲೆ ಓರೆಯಾಗಿ ಒಳ ಅಂಚಿಗೆ, ನಾವು ಏಪೆಕ್ಸ್ ಅನ್ನುವ ಜಾಗಕ್ಕೆ ಇಳಿದು ಬರುತ್ತದೆ. ಹಾಗಾಗಿ ಬ್ರೇಕ್ ಹಾಕುವ ಹೊತ್ತಿನಲ್ಲಿ ಪ್ರತಿ ಲ್ಯಾಪಿನಲ್ಲೂ ಒಳಗಡೆ ಒಂದೆರಡು ಕಾರು ಹಿಡಿಯುವಷ್ಟು ಜಾಗ ಖಾಲಿ ಇರುತ್ತದೆ. ಅದನ್ನು ಯಾರೂ ನಿಮಗೆ ಬಿಟ್ಟುಕೊಟ್ಟಿಲ್ಲ. ಇನ್ನೊಂದು ಸೆಕೆಂಡಿಗೆ ಅವರ ಕಾರು ಬಂದು ಸೇರಬೇಕಾದ ಜಾಗ ಅದು. ನಿಮ್ಮ ವಿಡಿಯೊವನ್ನು ಇನ್ನೊಮ್ಮೆ ನೋಡಿ, ಆದರೆ ಈ ಸಲ ಜಾಗವನ್ನು ನೋಡಬೇಡಿ. ಅವರ ಮುಂದಿನ ಚಕ್ರ ಎಡಕ್ಕೆ ತಿರುಗಲು ಶುರುವಾದ ಕಡೆ ವಿಡಿಯೊ ನಿಲ್ಲಿಸಿ, ಆ ಚಿತ್ರದಲ್ಲಿ ನೀವು ಎಲ್ಲಿದ್ದೀರಿ ಅಂತ ನೋಡಿ. ರೇಸಿನ ತೀರ್ಪುಗಾರರಾದ ಸ್ಟೀವರ್ಡ್‌ಗಳು ನೋಡುವುದೂ ಅದನ್ನೇ.

ಇಂಥ ಮಾತು ಬಂದಾಗಲೆಲ್ಲ ಯಾರಾದರೂ ಬ್ರೆಜಿಲ್‌ನ ಫಾರ್ಮುಲಾ 1 ಚಾಲಕ ಆಯರ್ಟನ್ ಸೆನ್ನಾ ಹೆಸರು ಎತ್ತುತ್ತಾರೆ. ಗ್ಯಾಪ್ ಕಂಡೂ ನುಗ್ಗದವನು ರೇಸಿಂಗ್ ಡ್ರೈವರ್ರೇ ಅಲ್ಲ ಅನ್ನುವ ಅರ್ಥದ ಅವರ ಮಾತು ಟೀ ಶರ್ಟ್ ಮೇಲೂ ಬಂದಿದೆ. ಆ ಮಾತು ಹುಟ್ಟಿದ್ದು ಯಾವಾಗ ಅಂತ ತಿಳಿದುಕೊಂಡರೆ ಒಳ್ಳೆಯದು. 1990ರ ಅಕ್ಟೋಬರಿನಲ್ಲಿ ಜಪಾನಿನ ಸುಜುಕಾದಲ್ಲಿ ಮೊದಲ ತಿರುವಿನಲ್ಲೇ ಸೆನ್ನಾ ಮತ್ತು ಎದುರಾಳಿ ಆಲನ್ ಪ್ರೊಸ್ಟ್ ಡಿಕ್ಕಿಯಾಗಿ ಇಬ್ಬರೂ ಹೊರಬಿದ್ದರು, ಪಾಯಿಂಟ್‌ನಲ್ಲಿ ಮುಂದಿದ್ದ ಸೆನ್ನಾಗೆ ಚಾಂಪಿಯನ್‌ಶಿಪ್ ಸಿಕ್ಕಿತು. ಎರಡು ವಾರ ಆದ ಮೇಲೆ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಮಾಜಿ ಚಾಂಪಿಯನ್ ಜಾಕಿ ಸ್ಟೀವರ್ಟ್ ಇದರ ಬಗ್ಗೆ ಬಿಗಿಯಾಗಿ ಕೇಳಿದಾಗ ತಮ್ಮನ್ನು ಸಮರ್ಥಿಸಿಕೊಳ್ಳಲು ಸೆನ್ನಾ ಹೇಳಿದ್ದು ಅದು. ಮರುವರ್ಷ 1991ರಲ್ಲಿ ಸೆನ್ನಾ ಅವರೇ, ಆ ಡಿಕ್ಕಿ ಬೇಕೆಂದೇ ಮಾಡಿದ್ದು ಅಂತ ಬಾಯಿ ಬಿಟ್ಟು ಹೇಳಿದರು. ಸೆನ್ನಾ ಎಷ್ಟು ದೊಡ್ಡ ಚಾಲಕ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಆ ಒಂದು ಮಾತನ್ನು ಹೊಸಬರು ನಿಯಮ ಅಂದುಕೊಂಡು ಟ್ರ್ಯಾಕಿಗೆ ಬರುವುದು ನೋಡಿದರೆ ನನಗೆ ಬೇಜಾರಾಗುತ್ತದೆ.

ನಿಯಮಕ್ಕೆ ಬರೋಣ. ನಮ್ಮ ದೇಶದಲ್ಲಿ ಲೈಸೆನ್ಸ್ ಕೊಡುವುದು, ರೇಸುಗಳಿಗೆ ಅನುಮತಿ ಕೊಡುವುದು ಎಫ್‌ಎಂಎಸ್‌ಸಿಐ, ಅದು ನಡೆಯುವುದು ಅಂತರರಾಷ್ಟ್ರೀಯ ಮೋಟಾರ್ ರೇಸಿಂಗ್ ಸಂಸ್ಥೆ ಎಫ್‌ಐಎಯ ಕ್ರೀಡಾ ನಿಯಮಾವಳಿಯ ಕೆಳಗೆ. ಆ ನಿಯಮಾವಳಿಯ ಅಪೆಂಡಿಕ್ಸ್ ಎಲ್ ಅನ್ನುವ ಭಾಗದಲ್ಲಿ ಟ್ರ್ಯಾಕ್ ಮೇಲೆ ಹೇಗೆ ನಡೆದುಕೊಳ್ಳಬೇಕು ಅಂತ ಇದೆ. ಕೆಲವೇ ಪುಟ. ಲೈಸೆನ್ಸ್ ಮಾಡಿಸಿದವರಲ್ಲಿ ಅದನ್ನು ಪೂರ್ತಿ ಓದಿದವರು ಕಡಿಮೆ, ದಯವಿಟ್ಟು ನೀವು ಓದಿ. ಆದರೆ ಹವ್ಯಾಸಿ ರೇಸಿಂಗ್ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ಬರಹ ಅಮೆರಿಕದ್ದು. ಅಲ್ಲಿನ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ 1944ರಲ್ಲಿ ಶುರುವಾದದ್ದು, ವಾರಾಂತ್ಯದಲ್ಲಿ ಸ್ವಂತ ದುಡ್ಡು ಹಾಕಿ ಓಡಿಸುವವರ ದೊಡ್ಡ ಕ್ಲಬ್. ಅದರ ನಿಯಮ ಸರಳವಾಗಿದೆ: ಓವರ್‌ಟೇಕ್ ಮಾಡಬೇಕಾ ಬೇಡವಾ ಅನ್ನುವ ತೀರ್ಮಾನದ ಹೊಣೆ ಹಿಂದಿನಿಂದ ಬರುವವನದು, ಅದನ್ನು ಅಪಾಯ ಇಲ್ಲದೆ ಮುಗಿಸುವ ಹೊಣೆಯೂ ಅವನದೇ. ಮುಂದಿರುವವನಿಗೂ ಹೊಣೆ ಇದೆ, ಹಿಂದೆ ಯಾರೋ ಬರುತ್ತಿದ್ದಾರೆ ಅನ್ನುವುದು ಅವನಿಗೆ ಗೊತ್ತಿರಬೇಕು, ಅಡ್ಡ ಹಾಕಬಾರದು. ಮತ್ತೆ ಇಬ್ಬರಿಗೂ ಓಡಿಸಲು ಬೇಕಾದಷ್ಟು ಜಾಗದ ಹಕ್ಕು ಇದೆ. ಇಷ್ಟರಲ್ಲಿ ಎಲ್ಲವೂ ಬಂತು.

ಹೊಣೆ ಹಿಂದಿನವನ ಮೇಲೆ ಜಾಸ್ತಿ ಯಾಕೆ? ಅವನಿಗೆ ಎರಡೂ ಕಾರು ಕಾಣುತ್ತವೆ. ಮುಂದಿನವರಿಗೆ ಕಾಣುವುದಿಲ್ಲ. ನಿಮ್ಮ ವಿಷಯದಲ್ಲಿ ಇದು ಇನ್ನೂ ಜಾಸ್ತಿ ಮುಖ್ಯ, ಯಾಕಂದ್ರೆ ಅದು ಎಡ ತಿರುವು. ನಮ್ಮ ಕಾರುಗಳಲ್ಲಿ ಚಾಲಕ ಕೂರುವುದು ಬಲಗಡೆ. ತಲೆಗೆ ಹೆಲ್ಮೆಟ್, ಕತ್ತು ಕಾಪಾಡುವ ಹಾನ್ಸ್ ಸಾಧನ, ಎದೆಗೆ ಬಿಗಿದ ಬೆಲ್ಟ್, ಸೀಟಿನ ಎರಡೂ ಕಡೆ ತಲೆ ಹಿಡಿಯುವ ಗೋಡೆ. ಕತ್ತು ಅರ್ಧ ತಿರುಗಿದರೆ ಹೆಚ್ಚು. ಎಡಗಡೆ ನೋಡಬೇಕೆಂದರೆ ಖಾಲಿ ಸೀಟಿನ ಜಾಗ ದಾಟಿ, ಕಾರು ಮಗುಚಿದರೆ ಕಾಪಾಡುವ ರೋಲ್ ಕೇಜ್ ಪೈಪುಗಳ ನಡುವೆ, ಅಂಗೈಯಷ್ಟು ದೊಡ್ಡ ಕನ್ನಡಿ. ಬ್ರೇಕ್ ಒತ್ತಿ ಗೇರ್ ಇಳಿಸುತ್ತಿರುವ ಆ ಎರಡು ಸೆಕೆಂಡಿನಲ್ಲಿ ಅವರ ಕಣ್ಣು ಏಪೆಕ್ಸ್ ಮೇಲಿರುತ್ತದೆ, ಇರಲೇಬೇಕು. ಅವರ ಹಿಂದಿನ ಚಕ್ರದ ಪಕ್ಕ ನಿಮ್ಮ ಮೂತಿ ಇದೆ ಅಂತ ಅವರಿಗೆ ಗೊತ್ತಾಗುವುದು ಗುದ್ದಿದ ಮೇಲೆ. ಬಲ ತಿರುವಿನಲ್ಲಾದರೆ ನೀವು ಅವರ ಕಿಟಕಿ ಪಕ್ಕ ಬರುತ್ತೀರಿ, ಕನ್ನಡಿ ಹತ್ತಿರ ಇರುತ್ತದೆ, ಎಂಜಿನ್ ಸದ್ದೂ ಕೇಳುತ್ತದೆ. ಹಾಗಾಗಿ ಎಡಗಡೆಯಿಂದ ಒಳಗೆ ಹೋಗುವಾಗ ಇನ್ನೂ ಮುಂಚೆ, ಇನ್ನೂ ಹೆಚ್ಚು ಪಕ್ಕಕ್ಕೆ ಬಂದಿರಬೇಕು ಅಂತ ನಾನು ಹೊಸಬರಿಗೆ ಯಾವಾಗಲೂ ಹೇಳುತ್ತೇನೆ.

ಎಷ್ಟು ಪಕ್ಕಕ್ಕೆ? ಒಂದೊಂದು ಕಡೆ ಒಂದೊಂದು ಅಳತೆ. ಫಾರ್ಮುಲಾ 1 ಸ್ಟೀವರ್ಡ್‌ಗಳ ಮಾರ್ಗಸೂಚಿಯಲ್ಲಿ, ಒಳಗಡೆಯಿಂದ ಹೋಗುವವನ ಮುಂದಿನ ಆಕ್ಸಲ್ ಏಪೆಕ್ಸ್ ತಲುಪುವ ಹೊತ್ತಿಗೆ ಎದುರಾಳಿಯ ಕನ್ನಡಿಗಾದರೂ ಸಮ ಬಂದಿರಬೇಕು ಅಂತ ಇದೆ. ಅವರು ವೃತ್ತಿಪರರು. ಹವ್ಯಾಸಿ ಸಲೂನ್ ರೇಸಿನಲ್ಲಿ ನಾನು ಕೇಳುವುದು ಅದಕ್ಕಿಂತ ಬಿಗಿ: ಅವರು ತಿರುಗಿಸಲು ಶುರು ಮಾಡುವ ಮುಂಚೆಯೇ ನಿಮ್ಮ ಮುಂದಿನ ಚಕ್ರ ಅವರ ಮುಂಬಾಗಿಲ ಹತ್ತಿರ ಇರಬೇಕು. ಇಲ್ಲದಿದ್ದರೆ ಆ ತಿರುವು ಅವರದು, ಬ್ರೇಕ್ ಜಾಸ್ತಿ ಒತ್ತಿ ಹಿಂದಕ್ಕೆ ಬನ್ನಿ. ಹಿಂದಕ್ಕೆ ಬರುವುದು ಸೋಲಲ್ಲ, ಇನ್ನೂ ಲ್ಯಾಪ್‌ಗಳಿವೆ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ, ಬಹಳ ಡಿಕ್ಕಿಗಳ ಬೇರು ಅಲ್ಲೇ ಇದೆ. ಒಳಗೆ ನುಗ್ಗಬೇಕಾದರೆ ಬ್ರೇಕ್ ತಡವಾಗಿ ಹಾಕಬೇಕು ಅಂತ ಎಲ್ಲರೂ ನಂಬುತ್ತಾರೆ. ಲೆಕ್ಕ ಹಾಕಿ ನೋಡಿ. ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಬಂದು, ಸರಿಯಾದ ಲೈನ್‌ನಲ್ಲಿ, ಅಂದರೆ ಎಲ್ಲರೂ ಓಡಿಸುವ ವೇಗದ ದಾರಿಯಲ್ಲಿ, 80ಕ್ಕೆ ಇಳಿಸಿ ತಿರುಗುವ ಒಂದು ತಿರುವು ಇದೆ ಅಂದುಕೊಳ್ಳಿ. ಒಳಗಡೆಯ ಲೈನ್‌ನಲ್ಲಿ ಅದೇ ತಿರುವು ಇನ್ನೂ ಬಿಗಿ, ಅರ್ಧವ್ಯಾಸ 55 ಮೀಟರ್ ಇದ್ದದ್ದು 41ಕ್ಕೆ ಇಳಿದರೆ ಅಲ್ಲಿ ತಿರುಗಲು ಸಾಧ್ಯವಾಗುವ ವೇಗ ಸುಮಾರು 69 ಮಾತ್ರ. 150ರಿಂದ 80ಕ್ಕೆ ಇಳಿಸಲು 69 ಮೀಟರ್ ಬೇಕಾದರೆ, 69ಕ್ಕೆ ಇಳಿಸಲು 76 ಮೀಟರ್ ಬೇಕು. ಅಂದರೆ ಒಳಗೆ ಹೋಗುವವನು ಸುಮಾರು 7 ಮೀಟರ್ ಮೊದಲೇ ಬ್ರೇಕ್ ಹಾಕಬೇಕು. ಅದೂ ಒಳ ಲೈನ್ ಸ್ವಚ್ಛವಾಗಿದ್ದರೆ. ಯಾರೂ ಓಡಿಸದ ಆ ಪಟ್ಟಿಯಲ್ಲಿ ಧೂಳು, ಮರಳು, ಟೈರಿನಿಂದ ಉದುರಿದ ರಬ್ಬರ್ ಚೂರು ಬಿದ್ದಿರುತ್ತವೆ, ಹಿಡಿತ ಇನ್ನೂ ಕಡಿಮೆ. ಹೀಗಿರುವಾಗ ಮುಂದಿನವರಿಗಿಂತ ತಡವಾಗಿ ಬ್ರೇಕ್ ಹಾಕಿದವನು ಏಪೆಕ್ಸ್‌ನಲ್ಲಿ ನಿಲ್ಲುವುದಿಲ್ಲ, ಸೀದಾ ಹೋಗುತ್ತಾನೆ, ಅವನನ್ನು ನಿಲ್ಲಿಸುವುದು ಎದುರಾಳಿಯ ಬಾಗಿಲು. 150ರ ವೇಗದಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ಕಾರು 4 ಮೀಟರಿಗಿಂತ ಜಾಸ್ತಿ ಹೋಗುತ್ತದೆ, ಹೆಚ್ಚುಕಡಿಮೆ ಒಂದು ಕಾರಿನ ಉದ್ದ. "ಒಂಚೂರು ತಡ ಆಯ್ತು" ಅಂದರೆ ಇಷ್ಟು.

ತಿರುವಿನ ಪಕ್ಕ ಬಾವುಟ ಹಿಡಿದು ನಿಂತವರಿಗೆ ಇದು ಮೊದಲೇ ಗೊತ್ತಾಗುತ್ತದೆ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದ ಕಾರು, ಮೂತಿ ಕೆಳಗೆ ಬಗ್ಗುತ್ತದೆ, ಒಳಗಿನ ಮುಂದಿನ ಚಕ್ರ ತಿರುಗುವುದು ನಿಲ್ಲಿಸುತ್ತದೆ, ಟೈರಿನಿಂದ ಹೊಗೆ ಏಳುತ್ತದೆ, ಸ್ಟೀರಿಂಗ್ ಪೂರ್ತಿ ತಿರುಗಿಸಿದ್ದರೂ ಕಾರು ತಿರುಗುತ್ತಿಲ್ಲ. ಆಗಲೇ ಅಪಾಯ ಸೂಚಿಸುವ ಹಳದಿ ಬಾವುಟಕ್ಕೆ ಕೈ ಹೋಗಿರುತ್ತದೆ, ಗುದ್ದುವ ಮುಂಚೆಯೇ. ಒಳ್ಳೆಯ ಓವರ್‌ಟೇಕ್ ನೋಡಿದರೆ ಏನೂ ನಡೆದ ಹಾಗೆಯೇ ಕಾಣುವುದಿಲ್ಲ. ಎರಡು ಕಾರು ಜೊತೆಯಾಗಿ ಒಳಗೆ ಬಂದವು, ನಡುವೆ ಒಂದು ಗೇಣು ಜಾಗ, ಜೊತೆಯಾಗಿ ಹೊರಗೆ ಹೋದವು, ಒಂದು ಮುಂದೆ ಆಯಿತು. ಅಷ್ಟೇ.

ಫಾರ್ಮುಲಾ ಎಲ್‌ಜಿಬಿ ತರಹದ ತೆರೆದ ಚಕ್ರದ ಕಾರಿಗೆ ಹೋಗುವ ಯೋಚನೆ ಇದ್ದರೆ ಇನ್ನೊಂದು ವಿಷಯ ನೆನಪಿಡಿ. ಮುಂದಕ್ಕೆ ಉರುಳುವ ಚಕ್ರದ ಹಿಂಭಾಗ ಮೇಲಕ್ಕೆ ಚಲಿಸುತ್ತಿರುತ್ತದೆ. ನಿಮ್ಮ ಮುಂದಿನ ಟೈರು ಅವರ ಹಿಂದಿನ ಟೈರಿನ ಬೆನ್ನಿಗೆ ತಾಗಿದರೆ ಅದು ನಿಮ್ಮನ್ನು ಮೇಲಕ್ಕೆ ಎಸೆಯುತ್ತದೆ. ಸಲೂನ್‌ನಲ್ಲಿ ಬಂಪರ್ ತಾಗಿ ಮುಗಿಯುವ ವಿಷಯ ಅಲ್ಲಿ ಕಾರು ಗಾಳಿಯಲ್ಲಿ ಹಾರುವುದರಲ್ಲಿ ಮುಗಿಯಬಹುದು.

ನಮ್ಮವರಲ್ಲಿ ಈ ಅಭ್ಯಾಸ ಎಲ್ಲಿಂದ ಬರುತ್ತದೆ ಅಂತ ನನಗೆ ಅನ್ನಿಸುವುದನ್ನು ಹೇಳುತ್ತೇನೆ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ದಿನಾ ಓಡಿಸುವವರಿಗೆ ಗೊತ್ತು, ಅಲ್ಲಿ ಮೂತಿ ತೂರಿಸಿದವನಿಗೆ ದಾರಿ. ಬಂಪರ್ ಅರ್ಧ ಅಡಿ ಮುಂದಿದ್ದರೆ ಸಾಕು, ಪಕ್ಕದವನು ಬ್ರೇಕ್ ಹಾಕುತ್ತಾನೆ. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಅದು ನಡೆಯುತ್ತದೆ, ಯಾಕಂದ್ರೆ ಪಕ್ಕದವನಿಗೆ ನೋಡಿ ನಿಲ್ಲಿಸಲು ಸಮಯ ಇದೆ. ಆ ಲೆಕ್ಕವನ್ನೇ ಟ್ರ್ಯಾಕಿಗೆ ತಂದರೆ, ನೀವು ಎದುರಾಳಿಗೆ ಎರಡೇ ದಾರಿ ಬಿಡುತ್ತೀರಿ: ಒಂದೋ ಜಾಗ ಬಿಡು, ಇಲ್ಲಾಂದ್ರೆ ಗುದ್ದಿಸಿಕೋ. ಇದಕ್ಕೆ ಓವರ್‌ಟೇಕ್ ಅನ್ನಲು ನನಗೆ ಮನಸ್ಸಿಲ್ಲ. ಎದುರಿನವರು ಹೆದರಿ ಬಿಟ್ಟುಕೊಟ್ಟದ್ದರಿಂದ ಮಾತ್ರ ಕೆಲಸ ಮಾಡಿದ ಓವರ್‌ಟೇಕ್, ಗುದ್ದದೆ ಮುಗಿದರೂ ಕೆಟ್ಟ ಓವರ್‌ಟೇಕೇ.

ಸರಿಯಾದದ್ದು ಹೇಗೆ ಮಾಡುವುದು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಓವರ್‌ಟೇಕ್ ಶುರುವಾಗುವುದು ಹಿಂದಿನ ತಿರುವಿನಲ್ಲಿ. ಒಂದೇ ಬಗೆಯ ಕಾರುಗಳಲ್ಲಿ ಎಂಜಿನ್ ಎಲ್ಲರಿಗೂ ಒಂದೇ, ನೇರ ದಾರಿಯಲ್ಲಿ ಯಾರೂ ಯಾರನ್ನೂ ಸುಮ್ನೆ ದಾಟಲಾಗುವುದಿಲ್ಲ. ಮುಂದಿನವರಿಗೆ ಅಂಟಿಕೊಂಡು ತಿರುವಿಗೆ ಹೋದರೆ ಅವರು ನಿಧಾನ ಮಾಡಿದಾಗ ನೀವೂ ನಿಧಾನ ಮಾಡಬೇಕು. ಅದರ ಬದಲು ಒಂದು ಕಾರಿನಷ್ಟು ಅಂತರ ಬಿಟ್ಟು, ತಿರುವಿನಿಂದ ಬೇಗ ಆಕ್ಸಿಲರೇಟರ್ ಒತ್ತಿ ಹೊರಬಂದರೆ, ನೇರ ದಾರಿಯ ಅರ್ಧಕ್ಕೆ ಅವರ ಹಿಂದಿನ ಗಾಳಿಯ ಎಳೆತ ಸಿಗುತ್ತದೆ, ಬ್ರೇಕ್ ಹಾಕುವ ಜಾಗ ಬರುವ ಮುಂಚೆ ಪಕ್ಕದಲ್ಲಿರುತ್ತೀರಿ. ಮುಂಚೆಯೇ ಎರಡು ಮೂರು ಲ್ಯಾಪ್ ಅವರನ್ನು ಗಮನಿಸಿ. ಎಲ್ಲಿ ಬ್ರೇಕ್ ಬೇಗ ಹಾಕುತ್ತಾರೆ, ಎಲ್ಲಿ ಹೊರಗೆ ಅಗಲವಾಗಿ ಹೋಗುತ್ತಾರೆ, ಕನ್ನಡಿ ನೋಡುತ್ತಾರಾ ಇಲ್ವಾ. ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಸ್ವಲ್ಪ ಸರಿದು ಅವರ ಕನ್ನಡಿಯಲ್ಲಿ ಕಾಣಿಸಿಕೊಳ್ಳಿ, ಹಿಂದೆ ಯಾರಿದ್ದಾರೆ ಅಂತ ಅವರಿಗೆ ತಿಳಿಯಲಿ. ಪಕ್ಕಕ್ಕೆ ಬಂದ ಮೇಲೆ, ತಿರುವಿನಿಂದ ಹೊರಬರುವಾಗ ಅವರಿಗೆ ಟ್ರ್ಯಾಕ್ ಮೇಲೆ ಒಂದು ಕಾರಿನಷ್ಟು ಅಗಲ ಬಿಡಿ. ಒಳಗಡೆ ಸಿಕ್ಕಿತು ಅಂತ ಹೊರಗಿನವರನ್ನು ಹುಲ್ಲಿಗೆ ತಳ್ಳುವ ಹಕ್ಕು ಬರುವುದಿಲ್ಲ. ಪೂರ್ತಿ ದಾಟಿದ್ದು ಕನ್ನಡಿಯಲ್ಲಿ ಕಂಡ ಮೇಲೆ ಮಾತ್ರ ಲೈನ್‌ಗೆ ಮರಳಿ.

ಮುಂದಿರುವವರ ಕರ್ತವ್ಯವೂ ಸಣ್ಣದಲ್ಲ. ಜಾಗ ಕಾಪಾಡಿಕೊಳ್ಳಲು ಒಂದು ಸಲ ದಿಕ್ಕು ಬದಲಿಸಬಹುದು, ಎರಡನೇ ಸಲ ಇಲ್ಲ. ಒಳಗೆ ಸರಿದು ಕಾಪಾಡಿಕೊಂಡವರು ಮತ್ತೆ ಲೈನ್ ಕಡೆ ಹೊರಳುವಾಗ ತಿರುವಿನ ಮುಂಚೆ ಅಂಚಿನಲ್ಲಿ ಒಂದು ಕಾರಿನಷ್ಟು ಅಗಲ ಬಿಡಬೇಕು. ಬ್ರೇಕ್ ಒತ್ತಿದ ಮೇಲೆ ಅಡ್ಡ ಸರಿಯುವುದಂತೂ ಬೇಡವೇ ಬೇಡ. ಪಕ್ಕದಲ್ಲಿ ಕಾರು ಇದೆ ಅಂತ ಗೊತ್ತಿದ್ದೂ ಅದು ಇಲ್ಲದ ಹಾಗೆ ತಿರುಗಿಸಿದರೆ ತಪ್ಪು ಅವರದು. ನಿಮ್ಮ ಮೂತಿ ಅವರ ಮುಂಬಾಗಿಲಿನ ಹತ್ತಿರ ಇದ್ದಿದ್ದರೆ ನಾನು ಈ ಉತ್ತರವನ್ನು ಬೇರೆ ತರಹ ಬರೆಯುತ್ತಿದ್ದೆ.

ಇನ್ನು ನೀಲಿ ಬಾವುಟ, ಅಂದರೆ ಹಿಂದಿನಿಂದ ವೇಗದ ಕಾರು ಬರುತ್ತಿದೆ, ದಾರಿ ಬಿಡಿ ಅನ್ನುವ ಸೂಚನೆ. ನಿಮಗೆ ಬೈದದ್ದು ಜಾಸ್ತಿಯಾಯಿತು ಅನ್ನಿಸುತ್ತದೆ, ಆದರೆ ಬೈದವರ ಗಾಬರಿ ನನಗೆ ಅರ್ಥವಾಗುತ್ತದೆ. ನೀವು 80 ಸೆಕೆಂಡಿಗೆ ಒಂದು ಲ್ಯಾಪ್, ವೇಗದ ಕ್ಲಾಸಿನವರು 72ಕ್ಕೆ ಒಂದು ಅಂದುಕೊಂಡರೆ, ನೀವು 9 ಲ್ಯಾಪ್ ಮುಗಿಸುವಷ್ಟರಲ್ಲಿ ಅವರು 10 ಮುಗಿಸಿ ನಿಮ್ಮ ಬೆನ್ನಿಗಿರುತ್ತಾರೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಸುಮಾರು 2 ಕಿಲೋಮೀಟರಿನ ಚಿಕ್ಕ ಟ್ರ್ಯಾಕ್, ಎರಡು ಕ್ಲಾಸ್ ಒಟ್ಟಿಗೆ ಓಡಿದರೆ ಇದು ಆಗಿಯೇ ಆಗುತ್ತದೆ, ನಾಚಿಕೆಪಡುವ ವಿಷಯ ಅಲ್ಲ. ದಾರಿ ಬಿಡುವುದು ನಿಮ್ಮ ಕರ್ತವ್ಯ, ಮೊದಲ ಅವಕಾಶಕ್ಕೇ ಬಿಡಬೇಕು. ಆದರೆ ದಾರಿ ಬಿಡುವುದು ಅಂದರೆ ತಟ್ಟನೆ ಪಕ್ಕಕ್ಕೆ ಹಾರುವುದಲ್ಲ. ಹಿಂದಿನಿಂದ ಬರುವವರು ನೀವು ಲೈನ್‌ನಲ್ಲೇ ಇರುತ್ತೀರಿ ಅಂತ ಅಂದಾಜು ಮಾಡಿ, ಯಾವ ಕಡೆಯಿಂದ ಹೋಗಬೇಕು ಅಂತ ಆಗಲೇ ತೀರ್ಮಾನಿಸಿರುತ್ತಾರೆ. ನೀವು ಸರಿದದ್ದು ಅವರು ಬರುತ್ತಿದ್ದ ಕಡೆಗೇ ಆದರೆ? ಹಾಗಾಗಿ ತಿರುವಿನೊಳಗೆ ನಿಮ್ಮ ಲೈನ್ ಬಿಡಬೇಡಿ, ದಿಢೀರ್ ಬ್ರೇಕ್ ಹಾಕಬೇಡಿ. ನೇರ ದಾರಿಗೆ ಬನ್ನಿ, ಒಂದು ಕಡೆ ಇರಿ, ಆಕ್ಸಿಲರೇಟರ್ ಸ್ವಲ್ಪ ಬಿಡಿ, ಸಾಧ್ಯವಾದರೆ ಯಾವ ಕಡೆಯಿಂದ ಹೋಗಬೇಕು ಅಂತ ಕೈ ತೋರಿಸಿ. ರೇಸ್ ಅಲ್ಲದೆ ಸುಮ್ಮನೆ ಅಭ್ಯಾಸಕ್ಕೆ ಓಡಿಸುವ ಟ್ರ್ಯಾಕ್ ಡೇಗಳಲ್ಲಿ ಹೀಗೆ ಕೈ ತೋರಿಸದೆ ಓವರ್‌ಟೇಕ್ ಮಾಡಲು ಬಿಡದ ಕಡೆಗಳಿವೆ. ಒಂದು ಸಲ ಕೈ ತೋರಿಸಿದರೆ ಒಂದು ಕಾರಿಗೆ ಅನುಮತಿ, ಎರಡನೇ ಕಾರಿಗೆ ಮತ್ತೆ ತೋರಿಸಬೇಕು. ರೇಸಿಗೆ ಬರುವ ಮುಂಚೆ ಅಂಥ ಒಂದೆರಡು ಟ್ರ್ಯಾಕ್ ಡೇ ಮಾಡಿದವರು ಕನ್ನಡಿ ನೋಡುವುದನ್ನು ಚೆನ್ನಾಗಿ ಕಲಿತಿರುತ್ತಾರೆ.

ದೊಡ್ಡವರಿಗೂ ಇದು ಸುಲಭ ಅಲ್ಲ. ಫಾರ್ಮುಲಾ 1ರಲ್ಲಿ, 2012ರ ಮಲೇಷ್ಯಾ ಗ್ರ್ಯಾಂಡ್ ಪ್ರಿಯಲ್ಲಿ ಕೊಯಮತ್ತೂರಿನ ನರೇನ್ ಕಾರ್ತಿಕೇಯನ್ ಅವರನ್ನು ಲ್ಯಾಪ್ ಮಾಡುವಾಗ ಸೆಬಾಸ್ಟಿಯನ್ ವೆಟ್ಟಲ್ ಕಾರಿನ ಹಿಂದಿನ ಟೈರು ತಾಗಿ ಹರಿಯಿತು, ವೆಟ್ಟಲ್ 11ನೇ ಸ್ಥಾನಕ್ಕೆ ಬಿದ್ದರು, ನರೇನ್‌ಗೆ 20 ಸೆಕೆಂಡ್ ಪೆನಾಲ್ಟಿ ಬಂತು. ವೆಟ್ಟಲ್ ಆಮೇಲೆ ಕೆಟ್ಟದಾಗಿ ಮಾತಾಡಿದರು. ನನ್ನ ಮಟ್ಟಿಗೆ ಅಲ್ಲಿ ಕಲಿಯಬೇಕಾದದ್ದು ಲ್ಯಾಪ್ ಮಾಡುವವರಿಗೂ ಇದೆ: ದಾರಿ ಬಿಡಬೇಕಾದದ್ದು ನಿಧಾನದ ಕಾರಿನವರ ಕರ್ತವ್ಯ ಅಂತ, ಪೂರ್ತಿ ದಾಟುವ ಮುಂಚೆ ಅವರ ಮೂತಿಯ ಮೇಲೆ ಬಂದು ಕೂರಬಾರದು. ಉಲ್ಟಾ ಉದಾಹರಣೆ 2018ರ ಬ್ರೆಜಿಲ್‌ನದು. ಒಂದು ಲ್ಯಾಪ್ ಹಿಂದಿದ್ದ ಎಸ್ಟೆಬಾನ್ ಓಕಾನ್ ವೇಗ ಇದೆ ಅಂತ ರೇಸಿನ ಲೀಡರ್ ಮ್ಯಾಕ್ಸ್ ವೆರ್ಸ್ಟಾಪನ್ ಅವರನ್ನು ದಾಟಲು ಹೋಗಿ ತಾಗಿಸಿದರು. ಹೀಗೆ ಲೀಡರ್‌ನ ದಾಟಿ ಕಳೆದುಕೊಂಡ ಲ್ಯಾಪ್ ವಾಪಸ್ ಪಡೆಯಲು ನಿಯಮದಲ್ಲಿ ಅವಕಾಶ ಇದೆ, ಆದರೆ ಸ್ಥಾನಕ್ಕಾಗಿ ಹೋರಾಡುವವರ ಹಾಗೆ ಲೀಡರ್ ಜೊತೆ ತಿರುವಿನಲ್ಲಿ ಜಿದ್ದಿಗೆ ಬೀಳುವುದಕ್ಕಲ್ಲ. ಓಕಾನ್‌ಗೆ 10 ಸೆಕೆಂಡಿನ ಸ್ಟಾಪ್ ಗೋ ಪೆನಾಲ್ಟಿ, ಅಂದರೆ ಪಿಟ್‌ಗೆ ಬಂದು ಅಷ್ಟು ಹೊತ್ತು ನಿಂತು ಹೋಗಬೇಕು. ಗೆಲ್ಲಬೇಕಾದ ರೇಸ್ ಕಳೆದುಕೊಂಡ ವೆರ್ಸ್ಟಾಪನ್ ರೇಸ್ ಮುಗಿದ ಮೇಲೆ ಓಕಾನ್ ಎದೆಗೆ ತಳ್ಳಿದರು, ಅವರಿಗೂ ಎರಡು ದಿನ ಸಾರ್ವಜನಿಕ ಸೇವೆಯ ಶಿಕ್ಷೆ ಆಯಿತು. ತಪ್ಪು ಎದುರಿನವನದೇ ಆದರೂ ಕೈ ಎತ್ತಿದರೆ ನಿಮಗೂ ಶಿಕ್ಷೆ.

ಹಳದಿ ಬಾವುಟದ ಬಗ್ಗೆ ಒಂದೇ ಮಾತು. ಅದು ಕಂಡ ಜಾಗದಿಂದ ಹಸಿರು ಕಾಣುವವರೆಗೆ ಯಾರನ್ನೂ ದಾಟಬೇಡಿ, ನಿಧಾನ ಮಾಡಿ. ಅಲ್ಲಿ ಟ್ರ್ಯಾಕ್ ಮೇಲೆ ಮಾರ್ಷಲ್‌ಗಳು, ಅಂದರೆ ಬಾವುಟ ಹಿಡಿದು ಸುರಕ್ಷತೆ ನೋಡಿಕೊಳ್ಳುವವರು, ನಡೆದು ಹೋಗುತ್ತಿರಬಹುದು, ಅವರಲ್ಲಿ ಬಹಳ ಜನ ಪ್ರೀತಿಗೆ ಬಂದು ಬಿಸಿಲಲ್ಲಿ ನಿಂತವರು. ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ.

ಈಗ ನಿಮ್ಮ ಕೊನೆಯ ಪ್ರಶ್ನೆ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು. ಹೋಗಿ ಮಾತಾಡಿ. ಪೆನಾಲ್ಟಿ ಆಗಲೇ ಬಂದಿದೆ, ಮಾತಾಡಿದ್ದರಿಂದ ಹೊಸದಾಗಿ ಏನೂ ಬರುವುದಿಲ್ಲ. ಪ್ರತಿಭಟನೆ ಸಲ್ಲಿಸಬೇಕೆಂದಿದ್ದರೆ ಅದಕ್ಕೆ ಬೇರೆ ದಾರಿ ಇದೆ: ಫಲಿತಾಂಶದ ಪಟ್ಟಿ ಹಾಕಿದ 30 ನಿಮಿಷದೊಳಗೆ, ಬರಹದಲ್ಲಿ, ಶುಲ್ಕ ಕಟ್ಟಿ. ಆ ಸಮಯ ನಿಮಗೆ ಮುಗಿದಿದೆ. ತಂಡಗಳು ಕಾರು ನಿಲ್ಲಿಸುವ ಪ್ಯಾಡಕ್‌ನಲ್ಲಿ ಮನುಷ್ಯರ ಹಾಗೆ ಮಾತಾಡುವುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಹವ್ಯಾಸಿ ರೇಸಿಂಗ್‌ನಲ್ಲಿ ಇದು ಯಾಕೆ ಇಷ್ಟು ದೊಡ್ಡದು ಅಂದರೆ, ಇಲ್ಲಿ ಗುದ್ದಿದ್ದಕ್ಕೆ ದುಡ್ಡು ಕೊಡಲು ಯಾವ ತಂಡವೂ ಇಲ್ಲ. ನಮ್ಮ ಮಾಮೂಲಿ ಕಾರ್ ಇನ್ಶೂರೆನ್ಸ್ ಪಾಲಿಸಿ ತೆಗೆದು ನೋಡಿ, ಬಳಕೆಯ ಮಿತಿ ಅನ್ನುವ ಕಡೆ ಸಂಘಟಿತ ರೇಸಿಂಗ್, ವೇಗದ ಪರೀಕ್ಷೆ ಇವಕ್ಕೆ ಪರಿಹಾರ ಇಲ್ಲ ಅಂತ ಬರೆದಿರುತ್ತದೆ. ಅವರ ಬಾಗಿಲು, ಹಿಂದಿನ ಆಕ್ಸಲ್, ರಿಮ್ಮು, ಕಾರನ್ನು ಟ್ರಕ್ಕಿನಲ್ಲಿ ತಂದು ಒಯ್ದ ಬಾಡಿಗೆ, ಎಂಟ್ರಿ ಫೀ, ಎಲ್ಲ ಅವರ ಜೇಬಿನಿಂದ. ಅವರೂ ನಿಮ್ಮ ಹಾಗೆ ಸೋಮವಾರ ಕೆಲಸಕ್ಕೆ ಹೋಗುವವರು, ವರ್ಷಕ್ಕೆ ಕೆಲವೇ ರೇಸುಗಳಿಗೆ ದುಡ್ಡು ಕೂಡಿಸಿದವರು. ಇದನ್ನು ಅರ್ಥ ಮಾಡಿಕೊಂಡ ಕಡೆ ನಿಯಮಗಳೂ ಕಠಿಣ ಇವೆ. ಅಮೆರಿಕದಲ್ಲಿ ಹಳೆಯ ಕಾಲದ ಕಾರುಗಳನ್ನು ಓಡಿಸುವ ಕ್ಲಬ್‌ಗಳಲ್ಲಿ 13/13 ಅಂತ ಒಂದು ನಿಯಮ ಇದೆ, ಗುದ್ದಿದ ತಪ್ಪು ನಿಮ್ಮದು ಅಂತಾದರೆ 13 ತಿಂಗಳು ಹೊರಗೆ, ವಾಪಸ್ ಬಂದ ಮೇಲೆ 13 ತಿಂಗಳು ನಿಗಾದಲ್ಲಿ. 13 ತಿಂಗಳು ಯಾಕೆ? ಪ್ರತಿವರ್ಷದ ಅದೇ ರೇಸ್ ಒಂದು ಸಲವಾದರೂ ಕೈತಪ್ಪುತ್ತದೆ. ನಮ್ಮಲ್ಲೂ ಹೊಸಬರ ಕ್ಲಾಸಿಗೆ ಇದರ ಅರ್ಧದಷ್ಟಾದರೂ ಬಿಗಿ ಬೇಕು ಅಂತ ನನ್ನ ಅಭಿಪ್ರಾಯ. ಕೆಲವು ಸೆಕೆಂಡುಗಳ ಟೈಮ್ ಪೆನಾಲ್ಟಿ, ರೇಸ್ ಪೂರ್ತಿ ಕಳೆದುಕೊಂಡವರಿಗೆ ನ್ಯಾಯ ಅನ್ನಿಸುವುದು ಕಷ್ಟ, ಅಲ್ವಾ?

ಟ್ರ್ಯಾಕ್ ಮೇಲೂ ಒಂದು ಕೆಲಸ ಮಾಡಬಹುದಿತ್ತು. ತಾಗಿ ಅವರು ಸುತ್ತಿಕೊಂಡರೂ ಮತ್ತೆ ಓಡಿಸುವ ಸ್ಥಿತಿಯಲ್ಲಿದ್ದರೆ, ಮುಂದಿನ ನೇರ ದಾರಿಯಲ್ಲಿ ಪಕ್ಕಕ್ಕೆ ಸರಿದು ನಿಧಾನ ಮಾಡಿ ಅವರ ಸ್ಥಾನ ಅವರಿಗೆ ವಾಪಸ್ ಕೊಡಿ. ಯಾರೂ ಹೇಳುವವರೆಗೆ ಕಾಯಬೇಡಿ. ಬಹಳ ಸ್ಟೀವರ್ಡ್‌ಗಳು ಇದನ್ನು ಗಮನಕ್ಕೆ ತೆಗೆದುಕೊಳ್ಳುತ್ತಾರೆ. ನಿಮ್ಮ ವಿಷಯದಲ್ಲಿ ಅವರು ಹೊರಗೇ ಹೋದದ್ದರಿಂದ ಆ ದಾರಿ ಇರಲಿಲ್ಲ, ಸರಿ.

ಎದುರಾಳಿಗೆ ಒಳ್ಳೆಯದು ಮಾಡಿದರೆ ರೇಸ್ ಗೆಲ್ಲಲಾಗುವುದಿಲ್ಲ ಅನ್ನುವವರಿಗೆ ನಾನು 1958ರ ಪೋರ್ಚುಗಲ್ ಗ್ರ್ಯಾಂಡ್ ಪ್ರಿ ವಿಷಯ ಹೇಳುತ್ತೇನೆ. ಪೋರ್ಟೊ ನಗರದ ಬೀದಿಗಳಲ್ಲಿ ರೇಸ್. ಎರಡನೇ ಸ್ಥಾನದಲ್ಲಿದ್ದ ಮೈಕ್ ಹಾಥಾರ್ನ್ ಕಾರು ಸುತ್ತಿಕೊಂಡು ಎಂಜಿನ್ ನಿಂತುಹೋಯಿತು. ಅವರು ಇಳಿಜಾರಿನಲ್ಲಿ, ಓಟದ ದಿಕ್ಕಿಗೆ ವಿರುದ್ಧವಾಗಿ ಕಾರು ಉರುಳಿಸಿ ಸ್ಟಾರ್ಟ್ ಮಾಡಿದರು. ಅಧಿಕಾರಿಗಳು ಅವರನ್ನು ಅನರ್ಹ ಮಾಡಲು ಹೊರಟರು. ಆ ರೇಸ್ ಗೆದ್ದಿದ್ದ, ಆ ವರ್ಷದ ಚಾಂಪಿಯನ್‌ಶಿಪ್‌ಗೆ ಹಾಥಾರ್ನ್ ಜೊತೆ ನೇರ ಪೈಪೋಟಿಯಲ್ಲಿದ್ದ ಸ್ಟರ್ಲಿಂಗ್ ಮಾಸ್ ಹೋಗಿ ಅಧಿಕಾರಿಗಳ ಮುಂದೆ ಸಾಕ್ಷಿ ಹೇಳಿದರು: ನಾನು ನೋಡಿದೆ, ಆಗ ಅವರು ಟ್ರ್ಯಾಕ್ ಮೇಲೆ ಇರಲಿಲ್ಲ, ಪಕ್ಕದ ಕಾಲುದಾರಿಯಲ್ಲಿದ್ದರು ಅಂತ. ಹಾಥಾರ್ನ್ ಅವರ ಪಾಯಿಂಟ್‌ಗಳು ಉಳಿದವು. ವರ್ಷದ ಕೊನೆಗೆ ಹಾಥಾರ್ನ್ 42, ಮಾಸ್ 41. ಆ ವರ್ಷ ಮಾಸ್ 4 ರೇಸ್ ಗೆದ್ದಿದ್ದರು, ಹಾಥಾರ್ನ್ ಒಂದೇ. ಮಾಸ್ ಜೀವನದಲ್ಲಿ ಎಂದೂ ಚಾಂಪಿಯನ್ ಆಗಲಿಲ್ಲ. ಆದರೂ ಇವತ್ತಿಗೂ ರೇಸಿಂಗ್ ಜಗತ್ತು ಅವರ ಹೆಸರನ್ನು ಎಷ್ಟು ಗೌರವದಿಂದ ಹೇಳುತ್ತದೆ ನೋಡಿ.

ಹಾಗಾಗಿ ಆ ಚಾಲಕರಿಗೆ ಈ ವಾರವೇ ಫೋನ್ ಮಾಡಿ. ನಿಮ್ಮಿಬ್ಬರ ತಂಡದವರನ್ನು ಕೇಳಿದರೆ ನಂಬರ್ ಸಿಗುತ್ತದೆ. "ಸರ್, ಆ ತಿರುವಿನಲ್ಲಿ ನಾನು ಇನ್ನೂ ಪಕ್ಕಕ್ಕೆ ಬಂದಿರಲಿಲ್ಲ, ನಿಮ್ಮ ರೇಸ್ ಹಾಳಾಯಿತು, ಕ್ಷಮಿಸಿ" ಅಂತ ಹೇಳಿ. "ಆದರೆ" ಅಂತ ಸೇರಿಸಬೇಡಿ, ಗ್ಯಾಪ್ ಕಥೆ ಎತ್ತಬೇಡಿ. ಅವರು ಸಿಟ್ಟಿನಲ್ಲಿ ಎರಡು ಮಾತು ಅಂದರೆ ಕೇಳಿಸಿಕೊಳ್ಳಿ. ರಿಪೇರಿ ಖರ್ಚು ಕೊಡಲೇಬೇಕಾ ಅಂದರೆ, ರೇಸಿಂಗ್‌ನಲ್ಲಿ ಅವರವರ ಕಾರಿನ ಖರ್ಚು ಅವರವರದು ಅನ್ನುವುದೇ ರೂಢಿ, ಯಾರೂ ನಿಮ್ಮನ್ನು ಒತ್ತಾಯಿಸುವುದಿಲ್ಲ. ಆದರೆ ನಿಮ್ಮ ಗ್ಯಾರೇಜಿನಲ್ಲಿ ಅದೇ ಮಾಡೆಲ್ಲಿನ ಬಾಗಿಲೋ ರಿಮ್ಮೋ ಬಿದ್ದಿದ್ದರೆ, ಬೇಕಾ ಅಂತ ಕೇಳಿ. ನಿಮ್ಮ ವಿಡಿಯೊವನ್ನೂ ಅವರಿಗೆ ಕಳಿಸಿ, ಅವರ ಕಾರಿನದನ್ನು ಕೇಳಿ ತೆಗೆದುಕೊಳ್ಳಿ. ಅವರು ತಿರುಗಿಸುವ ಮುಂಚೆ ಅವರ ಕ್ಯಾಮೆರಾದಲ್ಲಿ ನಿಮ್ಮ ಕಾರು ಎಲ್ಲಾದರೂ ಕಾಣುತ್ತದಾ ಅಂತ ನೋಡಿ. ಅದು ನೋಡಿದ ಮೇಲೂ ಪೆನಾಲ್ಟಿ ತಪ್ಪು ಅನ್ನಿಸಿದರೆ ಎರಡೂ ವಿಡಿಯೊ ನನಗೆ ಕಳಿಸಿ, ಇನ್ನೊಮ್ಮೆ ಕೂತು ನೋಡೋಣ.